ಜಯಮ್ಮನವರ ಡಬ್ಬಿ ಮತ್ತು ನನ್ನ ಸಾಲದ ಚರಿತ್ರೆ

ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗುವವರನ್ನು ಕಂಡರೆ ಈಗ ನನಗೆ ಕನಿಕರ. ನಲವತ್ತೆಂಟು ವರ್ಷ ನಾನೂ ಹಾಗೇ ತಿರುಗಿದವನು. ಮೈಸೂರಿನ ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಯಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತ ಕೂದಲು ನೆರೆಸಿಕೊಂಡ ನನಗೆ ಶ್ರೀರಾಂಪುರದಲ್ಲಿ ಒಂದು ಪುಟ್ಟ ಮನೆ ಕಣ್ಣಿಗೆ ಬಿತ್ತು. ನನಗಿಂತ ಮೊದಲು ಬಿದ್ದದ್ದು ಹೆಂಡತಿ ವಸಂತಿಯ ಕಣ್ಣಿಗೆ. ಮದುವೆಯಾದಾಗಿನಿಂದ ಐದು ಬಾಡಿಗೆ ಮನೆಗಳಲ್ಲಿ, ಒಂದು ಮೊಳೆ ಹೊಡೆಯಲೂ ಐದು ಮಾಲೀಕರ ಅಪ್ಪಣೆ ಕೇಳಿದವಳು ಅವಳು. ಮನೆ ಮಾರುವವರು ಒಳ್ಳೆಯವರು. "ಒಂದು ವರ್ಷ ಕಾಯ್ತೀನಿ ಮೇಷ್ಟ್ರೇ, ಅದಕ್ಕಿಂತ ಹೆಚ್ಚು ಆಗಲ್ಲ" ಎಂದರು.

ಬ್ಯಾಂಕಿನಲ್ಲಿ ಗೃಹಸಾಲ ನೋಡಿಕೊಳ್ಳುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಸುಮಾ. ಕಂಪ್ಯೂಟರ್ ನೋಡಿ, "ಸರ್, ನಿಮ್ಮ ಹೆಸರಲ್ಲಿ ಯಾವ ಸಾಲವೂ ಇಲ್ಲ" ಎಂದಳು. "ಇಲ್ಲಮ್ಮ, ಯಾವತ್ತೂ ಇರಲಿಲ್ಲ" ಎಂದೆ, ಶಾಲು ಹೊದಿಸುವುದನ್ನು ಕಾಯುವವನ ಹಾಗೆ. "ಅದೇ ಸರ್ ತೊಂದ್ರೆ. ಪರೀಕ್ಷೆಗೇ ಕೂರದವರಿಗೆ ಅಂಕ ಹೇಗೆ ಕೊಡೋದು?" ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ನಾನೇ ಇಂಥದ್ದೇನನ್ನೋ ಹೇಳಿರಬೇಕು. ಕ್ರೆಡಿಟ್ ಕಾರ್ಡ್ ತಗೊಂಡು ಪೆಟ್ರೋಲಿಗೆ, ದಿನಸಿಗೆ ಅಷ್ಟಿಷ್ಟು ಬಳಸಿ, ತಪ್ಪದೆ ಪೂರ್ತಿ ಕಟ್ಟುತ್ತ ಬನ್ನಿ, ಆರು ತಿಂಗಳಾದ ಮೇಲೆ ನೋಡೋಣ ಎಂದು ಕಳಿಸಿದಳು.

ನಾನು ಶ್ರದ್ಧೆಯಿಂದಲೇ ಮಾಡಿದೆ. ಬೆಳಿಗ್ಗೆ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದರೆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲು ಫೋನಿನಲ್ಲೇ ಆ ದುಡ್ಡು ಕಟ್ಟಿಬಿಡುತ್ತಿದ್ದೆ. ಆರು ತಿಂಗಳಾದ ಮೇಲೆ ಸುಮಾ ಬಿಲ್ಲುಗಳನ್ನು ನೋಡಿ ಹಣೆ ಒತ್ತಿಕೊಂಡಳು. "ಸರ್, ಪ್ರತಿ ತಿಂಗಳೂ ಸೊನ್ನೆ. ಬಿಲ್ ಬರೋಕೆ ಮುಂಚೆನೇ ಕಟ್ಟಿಬಿಟ್ಟಿದ್ದೀರಿ. ನೋಡಿದವರಿಗೆ ನೀವು ಕಾರ್ಡೇ ಬಳಸಿಲ್ಲ ಅನ್ಸತ್ತೆ. ಸ್ವಲ್ಪ ದಿನ ಸಾಲ ಇಟ್ಕೊಳ್ಳೋದು ಕಲೀರಿ." ಮನೆ ಮಾರುವವರು ಕೊಟ್ಟ ವರ್ಷದಲ್ಲಿ ಅರ್ಧ ಹೀಗೆ ಮುಗಿದಿತ್ತು. ವಸಂತಿ ಬೈಯಲಿಲ್ಲ, "ಥೇಟ್ ಮಾವನವರೇ" ಎಂದಳು ಅಷ್ಟೆ.

ಅವಳು ಹೇಳಿದ್ದು ನಿಜ. ನನ್ನ ಬಾಲ್ಯದಲ್ಲಿ ನಮ್ಮ ಎದುರು ಮನೆಯಲ್ಲಿ ಜಯಮ್ಮ ಎಂಬವರಿದ್ದರು. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದು ತರಕಾರಿ ವ್ಯಾಪಾರ ಮಾಡುತ್ತಿದ್ದ ಸಂಸಾರ. ತಳದಲ್ಲಿ 'ಜ' ಎಂದು ಕೆತ್ತಿದ ಅವರದೊಂದು ಸ್ಟೀಲ್ ಡಬ್ಬಿ ಎರಡು ಮನೆಗಳ ನಡುವೆ ಸದಾ ಓಡಾಡುತ್ತಿತ್ತು. ನಮ್ಮಲ್ಲಿ ಕಾಫಿಪುಡಿ ಮುಗಿದರೆ ಅದರಲ್ಲಿ ಬರುತ್ತಿತ್ತು. ಅಮ್ಮ ಒಂದು ವಾರ ಬಿಟ್ಟು ಅದರಲ್ಲಿ ಚಕ್ಕುಲಿ ತುಂಬಿ ಕೊಡುತ್ತಿದ್ದಳು. ಅದು ಮತ್ತೆ ಅವರೆಕಾಳು ಹೊತ್ತುಕೊಂಡು ಬರುತ್ತಿತ್ತು. ಇದು ಅಪ್ಪನಿಗೆ ಸರಿಬೀಳುತ್ತಿರಲಿಲ್ಲ. ಒಂದು ದಿನ ತಾವೇ ಕಾಫಿಪುಡಿ ತಂದು, ಚಾಕುವಿನಿಂದ ಮಟ್ಟ ಮಾಡಿ, ಬೆಳಿಗ್ಗೆ ಬಂದ ಡಬ್ಬಿಯನ್ನು ಸಂಜೆಯೇ ತಲುಪಿಸಿದರು. ಮರುದಿನ ನಲ್ಲಿಯ ಹತ್ತಿರ ಜಯಮ್ಮ ಅಮ್ಮನಿಗೆ, "ಇಷ್ಟ್ ಬೇಗ ಲೆಕ್ಕ ತೀರಿಸ್ಬುಟ್ರಲ್ಲ ಕಣಮ್ಮ, ಇನ್ ನಮ್ಮನೆ ಕಡೀಕೆ ಬರಾಕಿಲ್ವಾ?" ಎಂದರು. ಆಮೇಲೆ ಒಂದು ವಾರ ಅವರು ನಮ್ಮ ಹೊಸಿಲು ತುಳಿಯಲಿಲ್ಲ. ಕೊನೆಗೆ ಅಮ್ಮ, ಜಾಡಿಯ ತುಂಬ ಹುಣಸೆಹಣ್ಣು ಇದ್ದರೂ, ಹೋಗಿ ಹುಣಸೆಹಣ್ಣು ಕಡ ತಂದಳು. ಅಪ್ಪ ಪೇಪರ್ ಕೆಳಗಿಳಿಸಿ ಅವಳನ್ನೇ ನೋಡಿದರು. ನಾನು ಆಗ ಅಪ್ಪನ ಪಕ್ಷ.

ಅಮ್ಮನಿಗೆ ತಿಳಿದಿದ್ದನ್ನು ಬ್ಯಾಂಕು ನನಗೆ ಕಲಿಸಿತು. ಬಿಲ್ ಬರುವವರೆಗೆ ಕಾಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ನನ್ನ ಕೈ ಸುಮ್ಮನಿರದೆಂದು ವಸಂತಿ ಫೋನನ್ನು ಸಂಜೆ ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದಳು. ಅಂತೂ ವರ್ಷ ಮುಗಿಯಲು ಒಂಬತ್ತು ದಿನವಿದೆ ಎನ್ನುವಾಗ ಸಾಲ ಮಂಜೂರಾಯಿತು, ಹನ್ನೊಂದು ವರ್ಷದ ಕಂತು. ಅಂದು ಸಂಜೆ ವಸಂತಿ ಅಂಗಡಿಗೆ ಹೋಗಿ ಒಂದು ಪೊಟ್ಟಣ ಮೊಳೆ ತಂದಳು.

ಸಾಮಾನು ಕಟ್ಟುವಾಗ ಅಟ್ಟದ ಮೇಲೆ ಅಮ್ಮನ ಪಾತ್ರೆಗಳ ನಡುವೆ ಆ ಡಬ್ಬಿ ಸಿಕ್ಕಿತು. ಅಮ್ಮ ಹೋಗಿ ಎಂಟು ವರ್ಷ. ಜಯಮ್ಮ ಈಗ ಚಾಮುಂಡಿ ಬೆಟ್ಟದ ಪಾದದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಹೊಸ ಮನೆಗೆ ಬಂದ ಮೇಲೆ ಚಕ್ಕುಲಿ ತುಂಬಿಕೊಂಡು ಇಬ್ಬರೂ ಹೋದೆವು. ಅವರು ಡಬ್ಬಿಯ ತಳವನ್ನು ಬೆರಳಿನಿಂದ ಸವರಿ ಅಕ್ಷರ ಹುಡುಕಿದರು. "ನಿಮ್ಮಮ್ಮಾರು ಬೇಕಂತ್ಲೇ ಮಡಿಕಂಡಿದ್ರು ಕಣಪ್ಪ. ಅಂಗಾಗೇ ನೀನು ಇವತ್ತು ಬಂದೆ" ಎಂದರು. ನನಗೆ ಅಳು ಬಂತು. ಹೊರಡುವಾಗ ಡಬ್ಬಿ ಅವರೆಕಾಳಿನಿಂದ ತುಂಬಿ ಮತ್ತೆ ನನ್ನ ಕೈಗೇ ಬಂತು.

ಮರುದಿನ ಬೆಳಿಗ್ಗೆ ನಾನು ಅವರೆಕಾಳನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು, ಸ್ಕೂಟರಿಗೆ ತೂಗುಹಾಕಿ, ಬೀಗದ ಕೈ ಹುಡುಕುತ್ತಿದ್ದೆ. ವಸಂತಿ ಬಂದು ಡಬ್ಬಿಯನ್ನು ಬಿಚ್ಚಿಕೊಂಡು ಒಳಗೆ ಹೋದಳು. ಬ್ಯಾಂಕಿನವರು ನನ್ನನ್ನು ಹನ್ನೊಂದು ವರ್ಷದ ಮಟ್ಟಿಗೆ ನಂಬಿದ್ದಾರೆ. ನನ್ನ ಹೆಂಡತಿ ಒಂದು ಡಬ್ಬಿಯ ವಿಷಯದಲ್ಲಿ ಒಂದು ದಿನವೂ ನಂಬುವುದಿಲ್ಲ.