ಭೂಕಂಪದ ಧ್ವನಿವರ್ಧಕಕ್ಕೆ ಗೆಣಸಿನ ಹುಡುಗಿಯ ದೂರು

ಮಾನ್ಯರೇ,

ಮೆಕ್ಸಿಕೋ ನಗರದ ಪೊರ್ತಾಲೆಸ್ ಬಡಾವಣೆಯಲ್ಲಿ, ನಮ್ಮ ಬೀದಿಯ ಮೂಲೆಯ ಕಂಬದ ತುದಿಯಲ್ಲಿ, ಬಿಸಿಲು ಮಳೆಯೆನ್ನದೆ ನಾಲ್ಕೂ ದಿಕ್ಕಿಗೆ ಬಾಯಿ ತೆರೆದು ಕುಳಿತಿರುವ ತಮಗೆ, ಅದೇ ಎತ್ತರದ ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿರುವ ಲೊರೆನಾ ಬೆಂತಾಂಕುರ್ ಎಂಬ ವಿದ್ಯಾರ್ಥಿನಿಯ ವಂದನೆಗಳು. ತಾವು ಕ್ಷೇಮವೆಂಬುದನ್ನು ಪ್ರತಿ ಬೆಳಿಗ್ಗೆ ಕಿಟಕಿಯಿಂದ ಕಣ್ಣಾರೆ ಕಾಣುತ್ತಿರುವುದರಿಂದ ಅದನ್ನು ವಿಚಾರಿಸುವುದಿಲ್ಲ. ನನ್ನ ಕ್ಷೇಮದ ಕುರಿತೇ ಈ ಪತ್ರ.

ನಾನು ಉರುಗ್ವೆಯ ತಾಕ್ವಾರೆಂಬೋದವಳು, ದನಗಳ ವೈದ್ಯಕೀಯ ಓದಲು ಇಲ್ಲಿಗೆ ಬಂದವಳು. ನಮ್ಮ ಕಡೆ ನೆಲವೆಂಬುದು ಬಹಳ ವಿಧೇಯ. ಅದರ ಮೇಲೆ ದನ ಓಡಾಡುತ್ತವೆಯೇ ಹೊರತು ಅದೇ ಎದ್ದು ಓಡಾಡಿದ್ದನ್ನು ನಮ್ಮಜ್ಜಿಯೂ ಕಂಡವಳಲ್ಲ. ಹೀಗಾಗಿ ನಾನು ಪೆಟ್ಟಿಗೆ ಇಳಿಸಿದ ದಿನವೇ ಮೊದಲ ಮಹಡಿಯ ದೋನ್ಯಾ ಒಬ್ದುಲಿಯಾ, ಕಟ್ಟಡದ ಬೀಗದ ಕೈಗಳನ್ನೂ ಎಲ್ಲರ ಗುಟ್ಟುಗಳನ್ನೂ ಒಂದೇ ಗೊಂಚಲಲ್ಲಿ ಇಟ್ಟುಕೊಂಡಿರುವ ಹಿರಿಯ ಹೆಂಗಸು, ನನ್ನನ್ನು ಕಿಟಕಿಗೆ ಕರೆದು ಕಂಬದ ಮೇಲಿನ ತಮ್ಮನ್ನು ತೋರಿಸಿ, "ಇದು ಕೂಗಿದ್ರೆ ಭೂಮಿ ನಡುಗುತ್ತೆ ಅಂತ. ಇಳಿದುಬಿಡು. ಚಪ್ಪಲಿ ಹುಡುಕ್ತಾ ನಿಲ್ಬೇಡ, ಯಾಕೆ ಏನು ಅಂತ ಕೇಳ್ಬೇಡ" ಎಂದರು. ಹೇಗೆ ಕೂಗುತ್ತದೆ ಎಂದು ನಾನು ಕೇಳಲಿಲ್ಲ, ಕೇಳಬೇಡ ಎಂದಿದ್ದರಲ್ಲ.

ಆ ವಾರವೇ ಒಂದು ಸಂಜೆ, ತಲೆಗೆ ಸೋಪು ಹಚ್ಚಿಕೊಂಡು ಸ್ನಾನಕ್ಕೆ ನಿಂತಿದ್ದಾಗ, ಬೀದಿಯಿಂದ ಎದೆ ಸೀಳುವಂಥ ಸಿಳ್ಳೆಯೊಂದು ಎದ್ದಿತು. ಟವೆಲ್ ಸುತ್ತಿಕೊಂಡು, ಪಾಸ್‌ಪೋರ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು, ದಾರಿಯ ಪ್ರತಿ ಬಾಗಿಲನ್ನೂ ಗುದ್ದುತ್ತ ಬರಿಗಾಲಲ್ಲಿ ಬೀದಿಗೆ ಬಂದು ನಿಂತರೆ, ಎದುರಿಗೆ ಬೇಯಿಸಿದ ಗೆಣಸಿನ ಗಾಡಿ. ಒಲೆಯ ಹಬೆಯನ್ನು ಕೊಳವೆಯಿಂದ ಬಿಟ್ಟು ಗಿರಾಕಿಗಳನ್ನು ಕರೆಯುವುದು ಇಲ್ಲಿನ ಗೆಣಸಿನವರ ಪದ್ಧತಿಯಂತೆ. ಗಾಡಿಯ ದೋನ್ ಸೆವೆರೊ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟು ಅವಸರದ ಗಿರಾಕೀನ ನಾನು ನೋಡೇ ಇಲ್ಲಮ್ಮ. ಒಂದು ಕೊಡ್ಲಾ, ಎರಡಾ?" ಎಂದರು. "ಮೊದ್ಲು ಮೈ ಒರೆಸ್ಕೊಳ್ಳಿ ಬಿಡಪ್ಪಾ" ಎಂದು ಮೇಲಿನಿಂದ ದೋನ್ಯಾ ಒಬ್ದುಲಿಯಾ ಹೇಳಿದ್ದಕ್ಕೆ ಕಿಟಕಿಗಳೆಲ್ಲ ನಕ್ಕವು. ಅಂದಿನಿಂದ ಕಟ್ಟಡಕ್ಕೆ ನಾನು 'ಗೆಣಸು'.

ಹೊಸ ಊರಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲದಾಗ ಅಡ್ಡಹೆಸರೊಂದೇ ಗತಿಯಾದರೆ, ಮನುಷ್ಯರು ಮೆಟ್ಟಿಲಲ್ಲಿ ತಲೆಯೆತ್ತುವುದಿಲ್ಲ. ದೋನ್ಯಾ ಬಾಗಿಲು ತೆರೆದು, "ಗೆಣಸೂ, ಬಾ, ಸೂಪು ಕುಡಿದು ಹೋಗು" ಎಂದರೆ, ಓದುವುದಿದೆ ಎಂದು ಜಾರಿಕೊಳ್ಳುತ್ತಿದ್ದೆ. ಈ ಊರಲ್ಲಿ ತಮಾಲೆಯೆಂಬ ಜೋಳದ ಕಡುಬು ಮಾರುವವನೂ ಕೂಗುತ್ತಾನೆ, ಗುಜರಿಯವನೂ ಕೂಗುತ್ತಾನೆ, ಗ್ಯಾಸಿನವನೂ ಕೂಗುತ್ತಾನೆ. ಯಾರೇ ಕೂಗಲಿ, ಇನ್ನು ಇಳಿಯುವವಳು ನಾನಲ್ಲ ಎಂದು ನಿಶ್ಚಯಿಸಿದೆ. ರಜೆಗೆ ಊರಿಗೆ ಹೋದರೆ ಮರಳಬಾರದೆಂಬ ಯೋಚನೆಯೂ ಇತ್ತು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ತಾವು ಬಾಯಿ ತೆರೆದಿರಿ. ತಮ್ಮ ಕಂಠಶ್ರೀಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ. ಮುದಿ ಎತ್ತೊಂದು ಬಾವಿಯೊಳಗಿಂದ ಕರೆದಂತಿತ್ತು. ಹಾಸಿಗೆ ಮಾರುವವನಿರಬೇಕೆಂದು ಕಿಟಕಿ ಮುಚ್ಚಿ, ಗೊರಸಿನ ರೋಗಗಳ ಪುಟ ತಿರುವಿದೆ. ಮೆಟ್ಟಿಲಲ್ಲಿ ಬಹಳ ಕಾಲುಗಳು ಇಳಿದ ಸದ್ದಾಯಿತು. ಆಮೇಲೆ ಎರಡೇ ಕಾಲುಗಳು, ಅದರಲ್ಲೊಂದನ್ನು ಎಳೆಯುತ್ತ, ಮೇಲೇರಿದ ಸದ್ದಾಯಿತು.

"ಲೊರೆನಾ, ಇದು ಗೆಣಸಲ್ಲ ಕಣೇ. ಬಾಗಿಲು ತೆಗಿ."

ತೆಗೆಯುವಷ್ಟರಲ್ಲಿ ದೀಪ ಉಯ್ಯಾಲೆಯಾಡುತ್ತಿತ್ತು. ಮಂಡಿ ಬಾಗದ ದೋನ್ಯಾ ಒಬ್ದುಲಿಯಾ ನನ್ನ ಕತ್ತಿನ ಹಿಂಭಾಗವನ್ನು ಕರುವಿನ ಕತ್ತು ಹಿಡಿದಂತೆ ಹಿಡಿದು, "ಈಗ ಮೆಟ್ಟಿಲು ಬೇಡ" ಎಂದು ಬಾಗಿಲಾಚೆ ಪಡಸಾಲೆಯ ದಪ್ಪ ಕಂಬಕ್ಕೆ ಒತ್ತಿ ನಿಲ್ಲಿಸಿದರು. ಗಾರೆ ಉದುರಿತು, ಎಲ್ಲೋ ಗಾಜು ಒಡೆಯಿತು. ನಾನು ಅಮ್ಮನನ್ನು ಕೂಗುತ್ತಿದ್ದೆನಂತೆ. "ಅಮ್ಮನ್ನ ಆಮೇಲೆ ಕರಿ, ಈಗ ಕಂಬ ಹಿಡ್ಕೋ" ಎಂದರು. ನೆಲ ನಿಂತ ಮೇಲೂ ನಾವಿಬ್ಬರೂ ಕಂಬ ಬಿಡಲಿಲ್ಲ.

ಬೀದಿಗೆ ಇಳಿದ ಮೇಲೆ, ಅಷ್ಟು ದೂರ ಇಳಿದವರು ಮತ್ತೇಕೆ ಹತ್ತಿದಿರಿ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. "ಗೆಣಸಿನ ಗಾಡಿಗೇ ಕಟ್ಟಡ ಎಬ್ಬಿಸಿದೋಳು ನೀನು. ಎಲ್ಲಾರೂ ಇದ್ದಾರೆ, ನೀನೊಬ್ಳು ಇಲ್ಲ ಅಂದ್ರೆ ನಾನೇನು ಅಂದ್ಕೋಬೇಕು?"

ಆದ್ದರಿಂದ ತಮ್ಮ ಮೇಲೆ ನನ್ನ ದೂರು ಇದು: ದೋನ್ಯಾ ಒಬ್ದುಲಿಯಾರ ಮಂಡಿ ಈಗ ಕುಂಬಳಕಾಯಿಯಂತೆ ಊದಿದೆ. ಮಾರುಕಟ್ಟೆಗೆ ನಾನೇ ಹೋಗಬೇಕು, ತಂದಿದ್ದು ಸರಿಯಿಲ್ಲವೆಂದು ಬೈಸಿಕೊಳ್ಳಬೇಕು, ಸೂಪನ್ನು ಎರಡು ಬಟ್ಟಲು ಕುಡಿಯಬೇಕು. ದನದ ಮಂಡಿ ಓದುವವಳಿಗೆ ಮನುಷ್ಯರ ಮಂಡಿ ಏನು ಮಹಾ ಎಂದು ಅವರು ತೀರ್ಮಾನಿಸಿರುವುದರಿಂದ, ರಜೆಯ ಟಿಕೆಟ್ಟನ್ನೂ ರದ್ದುಪಡಿಸಿದ್ದೇನೆ. ತಮ್ಮ ಒಂದೇ ಒಂದು ಕೂಗಿನಿಂದ, ಯಾರ ಹಂಗೂ ಇಲ್ಲದಿದ್ದ ನನ್ನ ಬದುಕು ಹೀಗೆ ಸಂಪೂರ್ಣ ಹಾಳಾಗಿದೆ.

ಮುಂದಿನ ಸಲ ಕೂಗುವ ಮೊದಲು ದಯವಿಟ್ಟು ಒಮ್ಮೆ ಗಂಟಲು ಸರಿಪಡಿಸಿಕೊಂಡು, 'ಇದು ವ್ಯಾಪಾರವಲ್ಲ' ಎಂದು ಸ್ಪಷ್ಟಪಡಿಸಬೇಕು. ಭೂಮಿಯ ಅಂತರಂಗ ತಮಗೆ ಮುಂಚೆಯೇ ತಿಳಿಯುವುದರಿಂದ, ಈ ಮಂಡಿ ವಾಸಿಯಾಗುವವರೆಗೆ ಕೊಂಚ ತಡೆದುಕೊಳ್ಳುವಂತೆ ಅದಕ್ಕೊಂದು ಮಾತು ಹೇಳಬೇಕು.

ತಮ್ಮ ಮೌನಕ್ಕೆ ದೀರ್ಘಾಯುಷ್ಯ ಕೋರುವ,
ತಮ್ಮ ವಿಶ್ವಾಸಿ,
ಲೊರೆನಾ ಬೆಂತಾಂಕುರ್

ಮರೆತ ಮಾತು: ಪತ್ರವನ್ನು ಓದಿಸಿ ಕೇಳಿದ ದೋನ್ಯಾ ಒಬ್ದುಲಿಯಾ ತಮ್ಮದೂ ಒಂದು ಅರ್ಜಿ ಸೇರಿಸಲು ಹೇಳಿದ್ದಾರೆ. ಅವರ ಅಳಿಯ ಬರುವ ದಿನಗಳಲ್ಲಿ ಆತ ನಮ್ಮ ಬೀದಿಗೆ ತಿರುಗುವ ಮುಂಚೆಯೇ ತಾವು ಕೂಗಬೇಕಂತೆ. ಆ ನಡುಕ ಊಟ ಮುಗಿದರೂ ನಿಲ್ಲುವುದಿಲ್ಲವಂತೆ.