ದೊಡ್ಡಪ್ಪನ ಹೊಸ ವಾಲ್ವು

ನಮ್ಮ ದೊಡ್ಡಪ್ಪನಿಗೆ ಹೃದಯದ ತೊಂದರೆ ಇತ್ತು ಎಂದರೆ ನಾನು ಒಪ್ಪುವುದಿಲ್ಲ. ಹೃದಯಕ್ಕೇ ದೊಡ್ಡಪ್ಪನ ತೊಂದರೆ ಇತ್ತು! ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಿನ ಕಾರು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಇನ್‌ಸ್ಪೆಕ್ಟರ್ ಆಗಿದ್ದವರು. ಬಾಗಿಲಿನ ಸಂದಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕಾರನ್ನು ವಾಪಸು ಕಳಿಸುತ್ತಿದ್ದ ಆಸಾಮಿ ಮನೆಯಲ್ಲಿ ಸುಮ್ಮನಿರುತ್ತಾರೆಯೇ? ದೊಡ್ಡಮ್ಮನ ಚಪಾತಿಯನ್ನೂ ಬೆಳಕಿಗೆ ಹಿಡಿದು ನೋಡುವವರು.

ಇಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಸರದಿಯ ಮೇಲೆ ಗುಡಿಸಬೇಕು. ಕೆಲವು ತಿಂಗಳಿಂದ ದೊಡ್ಡಪ್ಪ ಮೂರನೇ ಮಹಡಿಗೆ ಹತ್ತುವಾಗ ನಡುನಡುವೆ ನಿಂತು, ಕಂಬಿಯ ಮೇಲೆ ಬೆರಳಾಡಿಸಿ, ಅಕ್ಕಪಕ್ಕದವರು ಗುಡಿಸಿದ್ದು ಸರಿಯಿಲ್ಲ ಎಂದು ಗೊಣಗುತ್ತಿದ್ದರು. ಉಸಿರು ಸಿಗದೆ ನಿಲ್ಲುತ್ತಿದ್ದಾರೆ ಎಂದು ಯಾರಿಗೆ ಹೊಳೆಯಬೇಕು! ಒಂದು ದಿನ ಎರಡನೇ ಮಹಡಿಯಲ್ಲೇ ಕುಸಿದು ಕೂತರು. ಹೃದಯದ ಒಂದು ವಾಲ್ವು ಗಟ್ಟಿಯಾಗಿ ಕಿರಿದಾಗಿದೆ, ಬದಲಿಸದಿದ್ದರೆ ಹೆಚ್ಚು ದಿನ ಇಲ್ಲ ಎಂದುಬಿಟ್ಟರು ಆಸ್ಪತ್ರೆಯಲ್ಲಿ.

ಎದೆ ಸೀಳುವುದಿಲ್ಲ, ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಹಳೆಯ ವಾಲ್ವಿನ ಒಳಗೇ ಹೊಸದನ್ನು ಕೂರಿಸುತ್ತೇವೆ ಎಂದು ಡಾಕ್ಟರಮ್ಮ ವಿವರಿಸಿದ್ದೇ ತಡ, ಇನ್‌ಸ್ಪೆಕ್ಟರ್ ಎದ್ದು ಕೂತರು. ಹಾಳಾದ ಭಾಗ ತೆಗೆಯದೆ ಹೊಸದು ಕೂರಿಸುವುದೇ? ತಮ್ಮ ಕಾರ್ಖಾನೆಯಲ್ಲಾಗಿದ್ದರೆ ಅಂಥ ಕಾರು ಗೇಟು ದಾಟುತ್ತಿರಲಿಲ್ಲ ಎಂದು ಅಪ್ಪಟ ಜರ್ಮನ್‌ನಲ್ಲಿ ತಕರಾರು ತೆಗೆದರು. ಆಕೆ ನಕ್ಕು, “ನೀವು ನಿಂತ ಕಾರನ್ನು ರಿಪೇರಿ ಮಾಡಿಸಿದವರು. ನಾನು ಓಡುತ್ತಿರುವುದನ್ನೇ ರಿಪೇರಿ ಮಾಡಬೇಕು” ಎಂದರು. ದೊಡ್ಡಪ್ಪ ತೆಪ್ಪಗೆ ಸಹಿ ಹಾಕಿದರು.

ಆಪರೇಷನ್ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ಮುಗಿಯಿತು. ಮರುದಿನವೇ ಕಾರಿಡಾರಿನಲ್ಲಿ ನಡೆದಾಡಿದರು. ನೋಡಲು ಬಂದ ಕನ್ನಡದವರೆಲ್ಲ ಡಬ್ಬಿಯಲ್ಲಿ ಅನ್ನ ಸಾರು ತಂದು, ಎಲ್ಲಿ ಕೊಯ್ದರು ತೋರಿಸಿ ಎನ್ನುವವರೇ. ತೋರಿಸುವ ಜಾಗವೇ ಅದು? ಲುಂಗಿಯನ್ನು ಬಿಗಿಯಾಗಿ ಹಿಡಿದುಕೊಂಡು, “ಒಂದು ಗಾಯಾನೂ ನೆಟ್ಟಗೆ ಮಾಡೋಕೆ ಬರಲ್ಲ ಈ ಡಾಕ್ಟರಿಗೆ” ಎಂದು ನನ್ನ ಹತ್ತಿರ ಸಿಡುಕಿದರು.

ವಾರ ಕಳೆದು ಮನೆಗೆ ಕರೆತಂದೆ. ಊಟಕ್ಕೆ ಕೂತವರು ಒಂದು ತುತ್ತು ಬಾಯಿಗಿಟ್ಟು, ಒಗ್ಗರಣೆ ಸೀದಿದೆ ಎಂದರು. ಸರಿ, ಇನ್ನು ದೊಡ್ಡಮ್ಮ ಸೌಟು ಕುಕ್ಕುತ್ತಾರೆ ಎಂದು ನಾನು ಕಾದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆ ಆಪರೇಷನ್ ರೂಮಿನ ಬಾಗಿಲೊಳಗೆ ನಿಮ್ಮನ್ನ ಕರ್ಕೊಂಡು ಹೋದಾಗ, ಇನ್ಮೇಲೆ ನನ್ನ ತಪ್ಪು ಹಿಡಿಯೋರು ಯಾರು ಅಂತ ಭಯ ಆಗಿತ್ತು ರೀ. ಹೇಳಿ, ಇನ್ನೇನು ಸರಿಯಿಲ್ಲ?”

ದೊಡ್ಡಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಎಡಗೈಯಿಂದ ಆಕೆಯ ಕೈ ಹಿಡಿದುಕೊಂಡರು.

“ನಂಗೂ ಭಯ ಆಗಿತ್ತು ಕಣೇ. ಕೂತ್ಕೋ, ನೀನೂ ಊಟ ಮಾಡು.”