ಬಲೂನ್ ಹಾಯಿಯ ಕೆಂಪು ಗುರುತು

ಕೈಲಾಗದ ಕೆಲಸವನ್ನು ಇನ್ನೊಬ್ಬರಿಗೆ ವಿವರಿಸುವುದರಲ್ಲಿ ನಾನು ಎತ್ತಿದ ಕೈ. ನಮ್ಮ ಕಾರ್ಖಾನೆಯ ಸಹೋದ್ಯೋಗಿ ವೆಂಕಟರಾವ್ ಹುಸೇನ್ ಸಾಗರ ಕೆರೆಯಲ್ಲಿ ಹಳೆಯದೊಂದು ಹಾಯಿದೋಣಿ ಇಟ್ಟುಕೊಂಡಿದ್ದರು. ಭಾನುವಾರ ಅದರಲ್ಲಿ ಸುಮ್ಮನೆ ಕೂತು ಬರುತ್ತಿದ್ದ ನಾನು ಉಳಿದ ಆರು ದಿನ ಮನೆಯಲ್ಲಿ ನೌಕಾಶಾಸ್ತ್ರ ಬೋಧಿಸುತ್ತಿದ್ದೆ. ಹಿಂದಿನಿಂದ ಮೆಲುಗಾಳಿ ಬೀಸುವಾಗ ದೋಣಿ ತೆವಳುತ್ತದೆ, ಆಗ ಮುಂದುಗಡೆ ಬಲೂನಿನಂತೆ ಉಬ್ಬುವ ತೆಳು ಹಾಯಿಯೊಂದನ್ನು ಏರಿಸಬೇಕು ಎಂದು ಹೇಳಿ ಹೇಳಿ ಹೆಂಡತಿ ಕಮಲಾಳ ತಲೆ ತಿಂದೆ. ಕೊನೆಗೆ ಅವಳು, "ಸಾಕು ಮಾಡ್ರಿ ಪುರಾಣ! ಬಟ್ಟಿ ತಂದು ಹಾಕ್ರಿ, ನಾ ಹೊಲೀತೀನಿ" ಎಂದಳು.

ಕೋಠಿ ಬಜಾರಿನಿಂದ ತೆಳು ನೈಲಾನ್ ತಂದೆ. ಮೂರು ವಾರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಅಡುಗೆಮನೆಯಲ್ಲಿ ಪೇಪರ್ ಓದಿದೆ. ದೋಣಿಯ ಕಂಬದ ತುದಿಗೆ ಏರಬೇಕಾದ ಮೂಲೆಗೆ ಕೆಂಪು ಚಾಕಿನಿಂದ ಗುರುತು ಹಾಕಿಕೊಟ್ಟೆ. ನನ್ನ ಪಾಲಿನ ಕೆಲಸ ಅಷ್ಟೇ. ಕಮಲಾಳ ಹತ್ತಿರ ಬ್ಲೌಸ್ ಹೊಲಿಸುವ ಕಾಲೊನಿಯ ಹೆಂಗಸರೆಲ್ಲ ಅವಳ ಹಾಯಿ ನೋಡಲು, ಅದನ್ನು ಮೊದಲ ಸಲ ಏರಿಸುವ ಭಾನುವಾರ, ಕೆರೆಯ ದಂಡೆ ಟ್ಯಾಂಕ್ ಬಂಡ್ ಮೇಲೆ ಸಾಲಾಗಿ ನಿಂತರು. ಅವಳ ಮಾನ ನನ್ನ ಕೈಯಲ್ಲಿತ್ತು.

ವೆಂಕಟರಾವ್ ಚುಕ್ಕಾಣಿ ಹಿಡಿದರು, ಕಮಲಾ ದೋಣಿಯಲ್ಲಿ ನನ್ನ ಪಕ್ಕ ಕೂತಳು. ನಾನು ಕೆಂಪು ಗುರುತಿನ ಮೂಲೆಗೆ ಹಗ್ಗ ಕಟ್ಟಿ ಎಳೆದೆ. ಹಾಯಿ ಅಡ್ಡಡ್ಡ ಏರಿ, ಹಿಂಡಿದ ಧೋತರದಂತೆ ಸುರುಳಿ ಸುತ್ತಿಕೊಂಡಿತು. ದಂಡೆಯ ಮೇಲೆ ನಗು. ನಾನು ತಕ್ಷಣ, "ಹೊಲಿಗಿ ಎಲ್ಲೋ ತಪ್ಪೇತಿ ನೋಡು" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಮಲಾ ತಲೆಯೆತ್ತಿ ನೋಡಿದಳು. "ಅದು ನಿಮ್ಮ ಚಾಕ್ ಅಲ್ರಿ, ಕುಂಕುಮ! ಹೊಸಾ ಬಟ್ಟಿಗೆ ಕುಂಕುಮ ಹಚ್ಚಲಾರದ ಹೆಂಗ ಬಳಸೋದು? ಕೈಗೆ ಸಿಕ್ಕ ಮೂಲಿಗೆ ಹಚ್ಚೀನಿ. ನಿಮ್ಮ ಚಾಕ್ ಮಡಿಕಿ ಒಳಗ ಹೋಗಿ ಭಾಳ ದಿನಾ ಆತು."

ಹಾಯಿ ಇಳಿಸಿ, ಮೂಲೆಗಳನ್ನು ಬೆರಳಲ್ಲೇ ತಡವಿ, ತಾನು ನಾಲ್ಕು ಪದರ ಕೊಟ್ಟು ಹೊಲಿದ ಮೂಲೆಯನ್ನು ಹುಡುಕಿ ಹಗ್ಗ ಕಟ್ಟಿದಳು. ಎಳೆದವಳೂ ಅವಳೇ. ಹಾಯಿ ಒಮ್ಮೆ ಪಟಪಟ ಎಂದು, ತುಂಬಿಕೊಂಡು ನಿಂತಿತು. ದೋಣಿ ಸದ್ದಿಲ್ಲದೆ ಹೊರಟಿತು. ದಂಡೆಯಲ್ಲಿ ಚಪ್ಪಾಳೆ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಅವಳಿಗೆ ಗೊತ್ತಾಗದಿರಲೆಂದು ಬಿಸಿಲಿಗೆ ಬೈದೆ.

ಮುಂದಿನ ಶನಿವಾರ ವೆಂಕಟರಾವ್ ನನ್ನ ಮೇಜಿನ ಬಳಿ ಬಂದು, ನಾಳೆ ಗಾಳಿ ಕಡಿಮೆ ಇರುವ ಹಾಗಿದೆ, ವದಿನಗಾರು, ಎಂದರೆ ಕಮಲಾ ಅತ್ತಿಗೆ, ಬರಲೇಬೇಕು, ನಮ್ಮ ಮನೆಯವಳೂ ಇರುತ್ತಾಳೆ ಎಂದು ತೆಲುಗಿನಲ್ಲಿ ಹೇಳಿದರು. "ಮತ್ತೆ ನಾನು?" ಎಂದೆ. ಅವರು ಬಹಳ ಮರ್ಯಾದೆಯಿಂದಲೇ ಉತ್ತರಿಸಿದರು: ಜೋರು ಗಾಳಿಯಿದ್ದ ದಿನ ನೀವೂ ಬನ್ನಿ, ದೋಣಿ ಮಗುಚದ ಹಾಗೆ ಭಾರಕ್ಕೆ ಯಾರಾದರೂ ಬೇಕಾಗುತ್ತಾರೆ.